ಮೋರ್ಯರ ಮನೆಗಳು: ಹೆಸರು ಮತ್ತು ಇತಿಹಾಸ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪರಿಸರದ ಪ್ರಾಚೀನ ಇತಿಹಾಸಕ್ಕೆ ಶಾಸನಗಳೇ ಪ್ರಮುಖ ಆಧಾರ. ಪುಲಿಗೆರೆ ಮುನ್ನೂರರ ಕೇಂದ್ರವಾಗಿದ್ದ ಲಕ್ಷ್ಮೇಶ್ವರ, ತ್ರಿಕೂಟೇಶ್ವರನ ಗದಗ, ಬೌದ್ಧ ತಾರಾದೇವಿಯನ್ನು ಸ್ಮರಿಸುವ 1095ರ ಶಾಸನವುಳ್ಳ ಡಂಬಳ - ಇಲ್ಲೆಲ್ಲ ಅರಸನನ್ನೂ ದಾನಿಯನ್ನೂ ಕಾಲವನ್ನೂ ಕಲ್ಲೇ ಹೇಳುತ್ತದೆ. ಆದರೆ ಮುಂಡರಗಿಯಿಂದ ಪೂರ್ವಕ್ಕೆ ಕೊಪ್ಪಳವನ್ನು ದಾಟಿ ಗಂಗಾವತಿಯತ್ತ ಸಾಗಿದರೆ, ಹಿರೇಬೆಣಕಲ್ಲಿನ ಬೆಟ್ಟಸಾಲಿನ ಮೇಲೆ ಒಂದಕ್ಷರವೂ ಇಲ್ಲದ ನೂರಾರು ಕಲ್ಮನೆಗಳು ನಿಂತಿವೆ. ಅವುಗಳನ್ನು ಕಟ್ಟಿದವರ ಹೆಸರನ್ನು ಹೇಳುವುದು ಜನರ ಮಾತೊಂದೇ. ಜನ ಅವನ್ನು 'ಮೋರ್ಯರ ಮನೆಗಳು' ಎನ್ನುತ್ತಾರೆ, ಬೆಟ್ಟವನ್ನು 'ಮೋರ್ಯರ ಗುಡ್ಡ' ಎನ್ನುತ್ತಾರೆ. ಈ ಹೆಸರು ಇತಿಹಾಸಕ್ಕೆ ಎಂಥ ಆಧಾರವಾಗಬಲ್ಲದು ಎಂಬುದು ಪರಿಶೀಲನಾರ್ಹ.

ಹಿರೇಬೆಣಕಲ್ಲಿನಲ್ಲಿ ಸುಮಾರು 400 ಬೃಹತ್ ಶಿಲಾ ರಚನೆಗಳಿವೆ. ಬಂಡೆಯಿಂದ ಸೀಳಿ ತೆಗೆದ ಕಣಶಿಲೆಯ ಚಪ್ಪಡಿಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೇಲೆ ಒಂದು ದೊಡ್ಡ ಚಪ್ಪಡಿಯನ್ನು ಹೊದಿಸುವುದು ಇವುಗಳ ಸಾಮಾನ್ಯ ವಿಧಾನ. ಕೆಲವು ಆಳೆತ್ತರವನ್ನು ಮೀರಿವೆ, ಕೆಲವು ಮೊಣಕಾಲಿನಷ್ಟೇ ಎತ್ತರದವು. ಹಲವುಗಳ ಗೋಡೆಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದೆ. ಸಮೀಪದಲ್ಲಿ ನೀರಿನ ಹೊಂಡ, ವರ್ಣಚಿತ್ರಗಳುಳ್ಳ ಕಲ್ಲಾಸರೆಗಳು, ಬಡಿದರೆ ದೂರದವರೆಗೆ ನಾದ ಹೊಮ್ಮಿಸುವ ನಗಾರಿಯಾಕಾರದ ಗುಂಡು ಇವೆ. ವಿದ್ವಾಂಸರು ಈ ನೆಲೆಯ ಕಾಲವನ್ನು ಸ್ಥೂಲವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200ರವರೆಗೆ ಎಂದು ಗುರುತಿಸುತ್ತಾರೆ. 2021ರಲ್ಲಿ ಇದು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಜನರ ಕಲ್ಪನೆಯ ಮೋರ್ಯರು ಕುಳ್ಳರು, ಆದರೆ ಅಪಾರ ಬಲಶಾಲಿಗಳು. 19ನೆಯ ಶತಮಾನದಲ್ಲಿ ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಆ ಸೀಮೆಯ ಇಂಥ ಕಲ್ಮನೆಗಳನ್ನು ವರ್ಣಿಸುವಾಗಲೇ ಈ ಹೆಸರನ್ನು ದಾಖಲಿಸಿದ್ದಾನೆ. ಕಥೆಯ ತರ್ಕ ಸ್ಪಷ್ಟವಾಗಿದೆ: ಇಷ್ಟು ಕಿರಿದಾದ ಕಿಂಡಿಯಲ್ಲಿ ನುಸುಳಬೇಕಾದರೆ ಅವರು ಕುಳ್ಳರಾಗಿರಬೇಕು, ಇಷ್ಟು ಭಾರದ ಚಪ್ಪಡಿಯನ್ನು ಎತ್ತಬೇಕಾದರೆ ಬಲಶಾಲಿಗಳಾಗಿರಬೇಕು. ಅಂದರೆ ಕಥೆ ಹುಟ್ಟಿರುವುದು ಕಟ್ಟಿದವರ ನೆನಪಿನಿಂದಲ್ಲ, ಕಟ್ಟಡವನ್ನು ನೋಡಿದವರ ಊಹೆಯಿಂದ. ಕೊಡಗಿನಲ್ಲಿ ಇಂಥವೇ ಕಲ್ಗೋರಿಗಳು ಪಾಂಡವರ ಹೆಸರನ್ನು ಹೊತ್ತಿರುವುದು ಈ ಮಾತಿಗೆ ಪುಷ್ಟಿ ಕೊಡುತ್ತದೆ.

ಮೋರ್ಯರೆಂದರೆ ಮೌರ್ಯರೇ ಎಂಬ ಊಹೆಗೆ ಆಧಾರಗಳು ಇಲ್ಲದಿಲ್ಲ. ಪ್ರಾಕೃತದಲ್ಲಿ ಮೌರ್ಯ ಶಬ್ದದ ರೂಪ 'ಮೋರಿಯ'. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅಶೋಕನ ಶಾಸನವುಳ್ಳ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅಲ್ಲಿನ ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಸುಮಾರು ಕ್ರಿ.ಪೂ. 200ಕ್ಕೆ ಇರಿಸಿದರು. ಆ ಕಾಲಗಣನೆಯಲ್ಲಿ ಹೆಸರಿಗೂ ಕಲ್ಲಿಗೂ ಹೊಂದಿಕೆ ಕಾಣುವುದು ಸಹಜ. ಆದರೆ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನವು ಈ ಭಾಗದ ಕಬ್ಬಿಣದ ಬಳಕೆಯನ್ನು ಸುಮಾರು ಕ್ರಿ.ಪೂ. 1000ದವರೆಗೆ ಹಿಂದಕ್ಕೆ ಒಯ್ದಿತು. ಉತ್ತರ ಕರ್ನಾಟಕದ ಶಿಲಾಕೋಣೆಗಳನ್ನು ಕ್ಷೇತ್ರಕಾರ್ಯದ ಮೂಲಕ ವರ್ಗೀಕರಿಸಿದ ಅ. ಸುಂದರ ಅವರ 1975ರ ಗ್ರಂಥವು ಇವುಗಳ ಬಗೆ ಮತ್ತು ಹರಹನ್ನು ತೋರಿಸಿಕೊಟ್ಟಿತು. ಹೀಗಾಗಿ ಅಶೋಕನ ಲಿಪಿಕಾರರು ಕೊಪ್ಪಳಕ್ಕೆ ಬಂದಾಗ ಹಿರೇಬೆಣಕಲ್ಲಿನ ಎಷ್ಟೋ ಕಲ್ಮನೆಗಳು ಆಗಲೇ ಹಳೆಯವಾಗಿದ್ದವು ಎನ್ನಬೇಕಾಗುತ್ತದೆ. ಅಶೋಕನ ಶಾಸನವೇ ದೊರೆಯದ ಐಹೊಳೆಯ ಕಲ್ಮನೆಗಳೂ ಮೋರ್ಯರ ಹೆಸರನ್ನೇ ಪಡೆದಿರುವುದು ಇಲ್ಲಿ ಗಮನಾರ್ಹ.

ಇಲ್ಲಿ ಎಚ್ಚರ ವಹಿಸಬೇಕಾದ ಅಂಶವೊಂದಿದೆ. ಶಾಸನಗಳಿಗೆ ಒಗ್ಗಿಕೊಂಡ ಇತಿಹಾಸ ರಚನೆಯು ಅಕ್ಷರವಿಲ್ಲದ ಕಲ್ಲಿಗೂ ಒಂದು ರಾಜವಂಶವನ್ನು ಹುಡುಕಲು ಹೊರಡುತ್ತದೆ. 'ಮೋರ್ಯ' ಎಂಬುದನ್ನು 'ಮೌರ್ಯ' ಎಂದು ತಿದ್ದಿ ಬರೆದೊಡನೆ, ಬಂಡೆ ಸೀಳುವ ವಿದ್ಯೆಯನ್ನು ಈ ನೆಲದಲ್ಲೇ ಕರಗತ ಮಾಡಿಕೊಂಡಿದ್ದ ಸಮುದಾಯದ ಶ್ರಮವು ದೂರದ ಪಾಟಲಿಪುತ್ರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಜನರ ಕಥೆಯಾದರೋ ಹಾಗೆ ಮಾಡುವುದಿಲ್ಲ. ಅದು ಮೋರ್ಯರನ್ನು ಅರಸರೆನ್ನದೆ, ತಮಗಿಂತ ಮೊದಲು ಇದೇ ಗುಡ್ಡದಲ್ಲಿ ಬಾಳಿದ ಬೇರೊಂದು ಜನವೆಂದು ಮಾತ್ರ ಹೇಳುತ್ತದೆ. ಕುಳ್ಳರೆಂಬ ವಿವರ ಕಲ್ಪನೆಯಾದರೂ ಈ ತಿಳಿವಳಿಕೆ ಪುರಾತತ್ತ್ವದ ನಿರ್ಣಯಕ್ಕೆ ಹತ್ತಿರವಾಗಿದೆ.

ಆದ್ದರಿಂದ ಸ್ಥಳನಾಮವನ್ನು ಜನರ ಉಚ್ಚಾರದಲ್ಲಿಯೇ ದಾಖಲಿಸುವುದು, ಕಾಲನಿರ್ಣಯವನ್ನು ಉತ್ಖನನಕ್ಕೆ ಬಿಡುವುದು, ಇವೆರಡನ್ನೂ ಬೆರೆಸದೆ ಅಕ್ಕಪಕ್ಕದಲ್ಲಿಟ್ಟು ನೋಡುವುದು ಸೂಕ್ತ ಮಾರ್ಗ. ಐತಿಹ್ಯವು ಕಲ್ಮನೆಗಳನ್ನು ಕಟ್ಟಿದವರ ದಾಖಲೆಯಲ್ಲ. ಆದರೆ ಅವುಗಳ ನಡುವೆ ತಲೆಮಾರುಗಳಿಂದ ಬದುಕಿದವರು ಅವನ್ನು ಹೇಗೆ ಅರ್ಥೈಸಿಕೊಂಡರು ಎಂಬುದಕ್ಕೆ ಅದಕ್ಕಿಂತ ನೇರವಾದ ದಾಖಲೆ ಬೇರೊಂದಿಲ್ಲ.