ಲಾರಿಗೆ ಲೋಡ್ ಹೇರೋ ಮುಂಚೆ ತಿಳಿದಿರಲಿ: ತೂಕ, ದಂಡ, ವಿಮೆ

ಮುಶಿಗೇರಿ: ಸುಗ್ಗಿ ಬಂತಂದ್ರೆ ಹೆಸರು, ಕಡಲೆ, ಉಳ್ಳಾಗಡ್ಡಿ ಚೀಲ ಹೊತ್ತ ಗಾಡಿಗಳು ಗಜೇಂದ್ರಗಡ, ರೋಣ, ಗದಗ ಕಡೆ ಓಡುತ್ತವೆ. ಬಾಡಿಗೆ ಉಳಿಸಲು ಹೆಚ್ಚು ಚೀಲ ಹೇರುವುದು, ಮೇಲೆ ಜನರನ್ನು ಕೂರಿಸುವುದು ಮಾಮೂಲು. ಎರಡೂ ತುಟ್ಟಿ ಬೀಳುತ್ತವೆ.

ತೂಕ: 2018ರ ಕೇಂದ್ರ ಅಧಿಸೂಚನೆಯಂತೆ ಆರು ಗಾಲಿ ಲಾರಿಗೆ ಗರಿಷ್ಠ 18.5 ಟನ್, ಹತ್ತು ಗಾಲಿಗೆ 28.5 ಟನ್. ಇದು ಬರೀ ಮಾಲಿನ ತೂಕವಲ್ಲ, ಗಾಡಿಯದ್ದೂ ಸೇರಿ. ಆರ್.ಸಿ.ಯಲ್ಲಿ ಕಡಿಮೆ ಇದ್ದರೆ ಅದೇ ಲೆಕ್ಕ.

ದಂಡ: ಮೋಟಾರು ವಾಹನ ಕಾಯ್ದೆ ಕಲಂ 194ರಡಿ ₹20,000, ಜೊತೆಗೆ ಹೆಚ್ಚಿನ ಪ್ರತಿ ಟನ್‌ಗೆ ₹2,000. ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಬಿಡಂಗಿಲ್ಲ, ಇಳಿಸೋ ಖರ್ಚೂ ಮೈಮೇಲೆ.

ವಿಮೆ: ಮಾಲಿನ ಮಾಲೀಕ ಅಥವಾ ಆತನ ಪ್ರತಿನಿಧಿ ಗಾಡಿಯಲ್ಲಿದ್ದರೆ ಥರ್ಡ್ ಪಾರ್ಟಿ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಪಘಾತವಾದರೆ ಅವರ ಪರಿಹಾರ ಗಾಡಿ ಮಾಲೀಕನ ತಲೆಗೆ. ಆತನ ಹತ್ತಿರ ದುಡ್ಡಿಲ್ಲದಿದ್ದರೆ ಸತ್ತವರ ಮನೆಯವರಿಗೆ ಉಳಿಯೋದು ಕೋರ್ಟಿನ ಆದೇಶದ ಹಾಳೆ ಮಾತ್ರ.

ಎಫ್.ಸಿ.: ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು.

ಬಾಡಿಗೆ ಮಾತಾಡುವ ಮುಂಚೆ ವ್ಯಾಪಾರಸ್ಥರು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್.ಸಿ., ವಿಮೆಯ ಅವಧಿ ನೋಡಿಕೊಳ್ಳಬಹುದು.