ರಕ್ತನಾಳವನ್ನು ಸಡಿಲಿಸುವ ಅನಿಲ

ಡೈನಮೈಟ್‌ನಿಂದ ಸಿರಿವಂತರಾದ ಆಲ್‌ಫ್ರೆಡ್ ನೊಬೆಲ್‌ಗೆ 1896ರಲ್ಲಿ ವೈದ್ಯರು ಹೃದಯದ ಕಾಯಿಲೆಗೆಂದು ಬರೆದುಕೊಟ್ಟದ್ದು ನೈಟ್ರೋಗ್ಲಿಸರಿನ್, ಡೈನಮೈಟ್‌ನೊಳಗಿನ ಅದೇ ಸ್ಫೋಟಕ. ಎದೆನೋವಿಗೆ ಅದು ಆಗುತ್ತದೆಂದು ಲಂಡನ್ನಿನ ವಿಲಿಯಂ ಮರೆಲ್ 1879ರಲ್ಲೇ ಬರೆದಿದ್ದರು. ಹೇಗೆ ಆಗುತ್ತದೆಂಬುದು ಗೊತ್ತಾಗಲು ನೂರು ವರ್ಷವೇ ಹಿಡಿಯಿತು. ಇಂಥ ಔಷಧಗಳಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ನಾಳದ ಸ್ನಾಯುವನ್ನು ಸಡಿಲಿಸುತ್ತದೆಂದು ಫೆರಿಡ್ ಮುರಾದ್ 1977ರಲ್ಲಿ ತೋರಿಸಿದರು. ವಾಹನದ ಹೊಗೆಯಲ್ಲಿರುವ ಅನಿಲವನ್ನು ನಮ್ಮ ಮೈಯೇ ತಯಾರಿಸೀತೆಂದು ಆಗ ಹೆಚ್ಚಿನವರಿಗೆ ಹೊಳೆದಿರಲಿಲ್ಲ.

ಹೊಳೆಸಿದ್ದು ಒಂದು ಎಡವಟ್ಟು. 1978ರಲ್ಲಿ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಅವರ ಸಹಾಯಕ ಪ್ರಯೋಗದ ಕ್ರಮ ತಪ್ಪಿಸಿದರು. ಬಿಗಿಯಬೇಕಿದ್ದ ಮೊಲದ ಮಹಾಪಧಮನಿಯ ತುಂಡು ಸಡಿಲಗೊಂಡಿತು. ಬೈದು ಸುಮ್ಮನಾಗಬಹುದಿತ್ತು, ಫರ್ಚ್‌ಗಾಟ್ ಕಾರಣ ಹುಡುಕಿದರು. ಅಷ್ಟು ವರ್ಷವೂ ನಾಳವನ್ನು ಪಟ್ಟಿಯಾಗಿ ಕತ್ತರಿಸುವಾಗ ಒಂದೇ ಕೋಶದಷ್ಟು ತೆಳುವಾದ ಒಳಪದರ ಉಜ್ಜಿಹೋಗುತ್ತಿತ್ತು. ಪದರ ಉಳಿದರೆ ನಾಳ ಸಡಿಲ, ಅಳಿದರೆ ಬಿಗಿ. ಪದರವಿಲ್ಲದ ಪಟ್ಟಿಯನ್ನು ಪದರವಿರುವ ಪಟ್ಟಿಗೆ ಒತ್ತಿಟ್ಟಾಗ ಅದೂ ಸಡಿಲಗೊಂಡಿತು, ಅಂದರೆ ಪದರದಿಂದ ಏನೋ ಹೊಮ್ಮುತ್ತಿತ್ತು. ಈ ಸರಳ ಪ್ರಯೋಗದ ಮುಂದೆ ಆಮೇಲಿನ ಎಷ್ಟೋ ದುಬಾರಿ ಸಂಶೋಧನೆಗಳು ನನಗೆ ಸಪ್ಪೆಯಾಗಿ ಕಾಣುತ್ತವೆ. ಪದರದಿಂದ ಹೊಮ್ಮುವುದು ನೈಟ್ರಿಕ್ ಆಕ್ಸೈಡೇ ಎಂದು 1987ರಲ್ಲಿ ಲೂಯಿ ಇಗ್ನಾರೊ ಮತ್ತು ಸಾಲ್ವಡಾರ್ ಮೊಂಕಾಡಾ ತಂಡಗಳು ಬೇರೆಬೇರೆಯಾಗಿ ಖಚಿತಪಡಿಸಿದವು. 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ಬಂತು, ಮೊಂಕಾಡಾ ಹೊರಗುಳಿದರು. ಆ ತಕರಾರು ಇನ್ನೂ ಆರಿಲ್ಲ.

ರಕ್ತದೊತ್ತಡದ ನಂಟು ಬೇಗನೆ ಸಿಕ್ಕಿತು. ಬಿ.ಪಿ. ಇರುವವರಲ್ಲಿ ಒಳಪದರದ ಈ ಕೆಲಸ ಕುಗ್ಗಿರುವುದು 1990ರಲ್ಲಿ ಕಂಡಿತು. ಆ ಪದರದಲ್ಲಿ ಅನಿಲ ತಯಾರಿಸುವ ಕಿಣ್ವವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ರಕ್ತದೊತ್ತಡ ಏರಿದ್ದು 1995ರಲ್ಲಿ. ವಯಸ್ಸಿನ ಲೆಕ್ಕವೂ ಹೊರಬಿತ್ತು: ಆರೋಗ್ಯವಂತ ಗಂಡಸರಲ್ಲಿ ನಲವತ್ತರ ಸುಮಾರಿಗೆ, ಹೆಂಗಸರಲ್ಲಿ ಮುಟ್ಟು ನಿಲ್ಲುವ ಹೊತ್ತಿಗೆ ನಾಳಗಳ ಹಿಗ್ಗುವ ಶಕ್ತಿ ಇಳಿಯತೊಡಗುತ್ತದೆ. ಅನಿಲ ಹುಟ್ಟುವುದು ಕಡಿಮೆಯಾಗುವುದಷ್ಟೇ ಇದಕ್ಕೆ ಕಾರಣವಲ್ಲ. ಹುಟ್ಟಿದ್ದನ್ನೂ ಸೂಪರಾಕ್ಸೈಡ್ ಎಂಬ ಆಮ್ಲಜನಕದ ಉಗ್ರ ರೂಪ ಕಬಳಿಸುತ್ತದೆ. ಕೊನೆಗೆ ಕಿಣ್ವವೇ ಹಳಿತಪ್ಪಿ ನೈಟ್ರಿಕ್ ಆಕ್ಸೈಡಿನ ಬದಲು ಸೂಪರಾಕ್ಸೈಡನ್ನೇ ಹೊರಹಾಕುತ್ತದೆ.

ಹಾಗಾದರೆ ಅನಿಲ ತಯಾರಿಸಲು ಕಿಣ್ವಕ್ಕೆ ಬೇಕಾದ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಸುರಿದರಾಯಿತಲ್ಲ? ಹೃದಯಾಘಾತವಾದವರಿಗೆ ಹಾಗೆ ಕೊಟ್ಟು ನೋಡಿದರು. ನಾಳಗಳ ಪೆಡಸು ತಗ್ಗಲಿಲ್ಲ, ಆರ್ಜಿನಿನ್ ಪಡೆದವರಲ್ಲಿ ಆರು ಮಂದಿ ತೀರಿಕೊಂಡರು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆ ಫಲಿತಾಂಶ ಬಂದದ್ದು 2006ರಲ್ಲಿ. ಆರ್ಜಿನಿನ್ ಡಬ್ಬಿಗಳ ಮಾರಾಟ ಮಾತ್ರ ನಿಂತಿಲ್ಲ.

ಇನ್ನೊಂದು ದಾರಿ ಬಾಯಲ್ಲೇ ಇತ್ತು. ಬೀಟ್‌ರೂಟ್, ಪಾಲಕ್, ಹರಿವೆಯಂಥವುಗಳ ನೈಟ್ರೇಟನ್ನು ನಾಲಿಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಅದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಲಂಡನ್ನಿನಲ್ಲಿ ಬಿ.ಪಿ. ರೋಗಿಗಳು ನಾಲ್ಕು ವಾರ ದಿನಕ್ಕೆ 250 ಮಿ.ಲೀ. ಬೀಟ್‌ರೂಟ್ ರಸ ಕುಡಿದಾಗ ಮೇಲಿನ ಒತ್ತಡ ಸುಮಾರು 8 ಅಂಕ ಇಳಿಯಿತು. ನಿಲ್ಲಿಸಿದ ಮೇಲೆ ಮತ್ತೆ ಏರಿತು. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಷ್ ಬಳಸಿದ ಆರೋಗ್ಯವಂತರಲ್ಲೂ ಒತ್ತಡ ತುಸು ಹೆಚ್ಚಿತು. ಪಲ್ಯಕ್ಕೆ ಬೀಟ್‌ರೂಟ್ ತನ್ನಿ, ಬಿ.ಪಿ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬೇಡಿ.