ಉಪ್ಪಾಗೆಯ ಹುಳಿ, ಕ್ಯಾಸನೂರಿನ ಜ್ವರ: ಸೊರಬ–ಶಿಕಾರಿಪುರ ಸೀಮೆಯಲ್ಲಿ ಜನಪದ ತಿಳಿವಳಿಕೆ ಮತ್ತು ಪೇಟೆಂಟು

ಪೇಟೆಂಟು ಎಂಬ ಪದದ ಮೂಲಾರ್ಥ 'ತೆರೆದದ್ದು' ಎಂದು. ಮಡಿಸಿ ಮುದ್ರೆಯೊತ್ತದೆ ಎಲ್ಲರೂ ಓದುವಂತೆ ಬಿಚ್ಚಿಟ್ಟ ರಾಜಪತ್ರವನ್ನು ಯುರೋಪಿನಲ್ಲಿ ಹಾಗೆ ಕರೆಯುತ್ತಿದ್ದರು. ಹೊಸದೊಂದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಪೂರ್ತಿಯಾಗಿ ಬರೆದು ಒಪ್ಪಿಸಬೇಕು. ಪ್ರತಿಯಾಗಿ ಪ್ರಭುತ್ವ ಅವನಿಗೆ ಗೊತ್ತಾದ ಅವಧಿಯವರೆಗೆ ಏಕಸ್ವಾಮ್ಯವನ್ನು ನೀಡುತ್ತದೆ. ಈಗ ಆ ಅವಧಿ 20 ವರ್ಷ. ಭಾರತದಲ್ಲಿ ಈ ಬಗೆಯ ಮೊದಲ ಕಾನೂನು ಬಂದದ್ದು 1856ರಲ್ಲಿ. 1911ರ ಕಾಯಿದೆಯ ಜಾಗಕ್ಕೆ 1970ರ ಕಾಯಿದೆ ಬಂದಿತು. ಆಹಾರ ಮತ್ತು ಔಷಧಗಳ ವಿಷಯದಲ್ಲಿ 1970ರ ಕಾಯಿದೆ ತಯಾರಿಕೆಯ ವಿಧಾನಕ್ಕಷ್ಟೇ ಪೇಟೆಂಟು ಕೊಡುತ್ತಿತ್ತು, ವಸ್ತುವಿಗೆ ಕೊಡುತ್ತಿರಲಿಲ್ಲ. ಆ ರಕ್ಷಣೆ 2005ರ ತಿದ್ದುಪಡಿಯೊಂದಿಗೆ ಇಲ್ಲವಾಯಿತು.

ಈ ವ್ಯವಸ್ಥೆ ಮೂರು ಸಂಗತಿಗಳನ್ನು ಕೇಳುತ್ತದೆ: ಕಂಡುಹಿಡಿದವರ ಹೆಸರು, ತಾರೀಖು ಮತ್ತು ಬರೆಹ. ಜನಪದ ತಿಳಿವಳಿಕೆಯಲ್ಲಿ ಸಾಮಾನ್ಯವಾಗಿ ಈ ಮೂರೂ ಇರುವುದಿಲ್ಲ. ಆರೋಗ್ಯ, ಆಹಾರ ಮತ್ತು ದಿನಬಳಕೆಯ ವಸ್ತುಗಳ ಮೇಲಿನ ಪೇಟೆಂಟುಗಳ ಚರಿತ್ರೆಯನ್ನು ಪ್ರಯೋಗಾಲಯದ ಕಡೆಯಿಂದ ಬರೆಯುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಅದನ್ನು ಶಿವಮೊಗ್ಗ ಜಿಲ್ಲೆಯ ಎರಡು ನೆರೆ ತಾಲ್ಲೂಕುಗಳ ಕಡೆಯಿಂದ ನೋಡಲು ಯತ್ನಿಸಲಾಗಿದೆ.

ಶಿಕಾರಿಪುರ ಕೆರೆಗಳ ಮತ್ತು ಶಾಸನಗಳ ಸೀಮೆ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಆ ಮಠವನ್ನು ವರ್ಣಿಸುವಾಗ, ಅದು ವಿದ್ಯೆ ಕಲಿಸುವ ಸ್ಥಾನವಾಗಿತ್ತೆಂದೂ ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿಕ್ಕುವ ಸ್ಥಾನವಾಗಿತ್ತೆಂದೂ ಹೇಳಿ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೂ ಆಗಿತ್ತೆಂದು ತಿಳಿಸುತ್ತದೆ. ಕರ್ನಾಟಕದ ಸಾರ್ವಜನಿಕ ವೈದ್ಯದ ಚರಿತ್ರೆಯಲ್ಲಿ ಇದು ಮುಖ್ಯವಾದ ಆಧಾರ. ಆದರೆ ಯಾವ ಬೇರು, ಯಾವ ತೊಗಟೆ, ಯಾವ ಅನುಪಾನ ಎಂಬುದನ್ನು ಶಾಸನ ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ದಾನ ಕೊಟ್ಟವರ ಹೆಸರು ಕಲ್ಲಿನಲ್ಲಿ ನಿಂತಿದೆ, ಮದ್ದು ಅರೆದವರ ಹೆಸರು ನಿಂತಿಲ್ಲ.

ಶಿಕಾರಿಪುರದಿಂದ ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚುತ್ತದೆ, ಬಯಲು ಕಾಡಾಗುತ್ತದೆ. ಸೊರಬದ ಕಾಡುಗಳಲ್ಲಿ ಹೆಸರಾದವು ಕಾನುಗಳು. ಊರಿನವರು ದೇವರಿಗೆ ಬಿಟ್ಟು, ಕಡಿಯದೆ ಕಾಪಾಡಿಕೊಂಡು, ಮೆಣಸು ಜೇನು ಬಗನಿಗಳನ್ನು ಪಡೆಯುತ್ತಿದ್ದ ನಿತ್ಯಹಸುರಿನ ತುಂಡುಗಳಿವು. ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸಲ್ಲಿಸಿದ ವರದಿ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದೆ. ಅರಣ್ಯ ಅಧಿಕಾರಿಗಳು ಇವನ್ನು ಕಂದಾಯದ ಕಣ್ಣಿನಿಂದ ನೋಡಿದರೆ ಊರಿನವರು ನೋಡಿದ್ದು ಹುಳಿ, ಮದ್ದು, ನೀರು ಮತ್ತು ದೇವರ ಕಣ್ಣಿನಿಂದ.

ಉಪ್ಪಾಗೆ ಇಂಥ ಕಾಡಿನ ಮರ. ಸೊರಬದ ಪಶ್ಚಿಮದಿಂದ ಸಾಗರ, ಸಿದ್ದಾಪುರ, ಶಿರಸಿಗಳವರೆಗೆ, ಘಟ್ಟದ ಉದ್ದಕ್ಕೂ ಜನರು ಇದನ್ನು ಬಲ್ಲರು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಗಾರ್ಸಿನಿಯಾ ಗಮ್ಮಿ-ಗಟ್ಟಾ ಎಂದು ಹೆಸರು. ವ್ಯಾಪಾರದಲ್ಲಿ ಇಂದಿಗೂ ಗಾರ್ಸಿನಿಯಾ ಕ್ಯಾಂಬೋಜಿಯಾ ಎಂಬ ಹಳೆಯ ಹೆಸರೇ ನಡೆಯುತ್ತದೆ. ಮಳೆಗಾಲದಲ್ಲಿ ಹಣ್ಣಾಗುವ ಇದರ ಸಿಪ್ಪೆಯನ್ನು ಬಿಸಿಲಿಲ್ಲದ ಕಾರಣ ಬೆಂಕಿಯ ಮೇಲೆ ಒಣಗಿಸಿ, ಕಪ್ಪಾದ ಮೇಲೆ ಹುಳಿಗೆ ಇಟ್ಟುಕೊಳ್ಳುತ್ತಾರೆ. ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು 'ಉಪ್ಪಾಗೆ ತುಪ್ಪ'. ಅಡುಗೆಗೂ ಒಡೆದ ಹಿಮ್ಮಡಿಗೂ ಅದೇ. ಕೊಡಗಿನಲ್ಲಿ ಇದರ ರಸವನ್ನು ಕುದಿಸಿ ಇಂಗಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದ ಮೀನಿನ ಸಾರಿಗೆ ಇದರ ಒಣಸಿಪ್ಪೆ ಬೇಕೇ ಬೇಕು. ಹುಳಿ ರುಚಿಗೆ ಮಾತ್ರವಲ್ಲ, ಪದಾರ್ಥ ಕೆಡದಿರಲೂ ಸಹಾಯಕ ಎಂಬುದು ಈ ಎಲ್ಲ ಅಡುಗೆಮನೆಗಳಿಗೂ ಗೊತ್ತಿದ್ದ ಸಂಗತಿ.

ಈ ಹುಳಿ ಯಾವ ಹುಳಿ? ಅದು ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲವೆಂಬುದು ಹಿಂದಿನ ತಿಳಿವಳಿಕೆಯಾಗಿತ್ತು. ಅದನ್ನು ತಿದ್ದಿದ್ದು ಮೈಸೂರು. 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಗುರುತಿಸಿ 1965ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದಿನ ಹೆಜ್ಜೆ ಕಡಲಾಚೆ. ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೊವೆನ್‌ಸ್ಟೈನ್ ಮತ್ತು ಸಂಗಡಿಗರು, ಶರೀರ ಸಕ್ಕರೆಯ ಅಂಶವನ್ನು ಕೊಬ್ಬಾಗಿ ಮಾರ್ಪಡಿಸುವ ದಾರಿಯಲ್ಲಿರುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು 1969ರಲ್ಲಿ ತೋರಿಸಿದರು. ಬೊಜ್ಜಿನ ಚಿಕಿತ್ಸಾವಿಧಾನವೆಂದು ಲೊವೆನ್‌ಸ್ಟೈನ್ ಹೆಸರಿಗೆ 1973ರಲ್ಲಿ ಅಮೆರಿಕದ 3,764,692ನೆಯ ಪೇಟೆಂಟು ದೊರೆಯಿತು. ಆಮೇಲೆ ಈ ಆಮ್ಲದ ಲವಣಗಳಿಗೆ, ಅದನ್ನು ಕೆಡದಂತೆ ಹಿಡಿದಿಡುವ ವಿಧಾನಗಳಿಗೆ ಒಂದಾದ ಮೇಲೊಂದು ಪೇಟೆಂಟುಗಳು ಬಂದವು. ಪೊಟ್ಯಾಶಿಯಂ ಲವಣದ ಬಳಕೆಗೆ 1998ರಲ್ಲಿ ಮಹಮ್ಮದ್ ಮಜೀದ್ ಮತ್ತು ಸಹವರ್ತಿಗಳು ಪಡೆದದ್ದು ಅವುಗಳಲ್ಲಿ ಒಂದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೇಸಿ ಜ್ಞಾನದ ಬಗೆಗಿನ ನಮ್ಮ ಬರೆಹಗಳಲ್ಲಿ 'ಕಳವು' ಎಂಬ ಪದ ತುಂಬ ಸಲೀಸಾಗಿ ಬರುತ್ತದೆ. ಉಪ್ಪಾಗೆಯ ವಿಷಯದಲ್ಲಿ ಅದು ಹೊಂದುವುದಿಲ್ಲ. ಮಲೆನಾಡಿನವರು ಮೈ ಇಳಿಸಲೆಂದು ಉಪ್ಪಾಗೆ ಬಳಸಿದವರಲ್ಲ. ಗದ್ದೆಯಲ್ಲಿ ದುಡಿಯುವವರಿಗೆ ಇಳಿಸಬೇಕಾದ ಮೈಯೂ ಇರಲಿಲ್ಲ. ಪೇಟೆಂಟಾದದ್ದು ಹಣ್ಣಲ್ಲ, ಹುಳಿಯ ಅಡುಗೆಯೂ ಅಲ್ಲ. ಪ್ರಯೋಗಾಲಯದಲ್ಲಿ ಕಂಡ ಒಂದು ಉಪಯೋಗ. ಕಾನೂನಿನ ದೃಷ್ಟಿಯಲ್ಲಿ ಇದು ಹೊಸದೇ. ಹಾಗಾದರೆ ಮಲೆನಾಡಿಗೆ ಆದದ್ದೇನು? ತಿಳಿವಳಿಕೆ ಹೋದದ್ದಕ್ಕಿಂತ ಬೇಡಿಕೆ ಬಂದದ್ದೇ ಇಲ್ಲಿನ ಮುಖ್ಯ ಘಟನೆ.

1990ರ ದಶಕದಲ್ಲಿ ಒಣಸಿಪ್ಪೆಗೆ ರಫ್ತಿನ ಬೆಲೆ ಬಂದಾಗ ಮನೆಯ ಹುಳಿ ಕಾಡಿನ ಸರಕಾಯಿತು. ಕಾಡಿನಲ್ಲಿ ಹಣ್ಣು ಉದುರುವವರೆಗೆ ಕಾದವನು ಕೈ ಖಾಲಿಯಾಗಿ ಮರಳುವ ಸ್ಥಿತಿ ಬಂದಿತು. ಪರಿಣಾಮವಾಗಿ ಕಾಯಿಯನ್ನೇ ಕೀಳುವುದು, ಕೊಂಬೆ ಕಡಿಯುವುದು ಶುರುವಾಯಿತು. ಕಾಯಿ ಕಿತ್ತ ಮರದ ಕೆಳಗೆ ಸಸಿ ಏಳುವುದಿಲ್ಲ. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಬೇಕು. ಹಣ್ಣು ಮಾಗಿ ಬೀಳುವ ತನಕ ಮುಟ್ಟಬಾರದು, ಮಂಗ ಹಕ್ಕಿಗಳ ಪಾಲು ಬಿಡಬೇಕು ಎಂಬಂಥ ಊರಿನ ಕಟ್ಟುಪಾಡುಗಳನ್ನು ಜಾನಪದ ವಿದ್ವಾಂಸರು 'ನಂಬಿಕೆ' ಎಂಬ ತಲೆಬರಹದ ಕೆಳಗೆ ಹಾಕುತ್ತ ಬಂದಿದ್ದಾರೆ. ಅವು ಕೊಯ್ಲಿನ ನಿಯಮಗಳು. ಯಾವ ಪೇಟೆಂಟಿನ ವಿವರಣಾಪತ್ರದಲ್ಲೂ ಈ ನಿಯಮಗಳಿಗೆ ಜಾಗವಿಲ್ಲ. ಕಚ್ಚಾವಸ್ತು ಅಲ್ಲಿ ಒಂದು ಹೆಸರಷ್ಟೆ.

1998ರ ನವೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. 135 ಜನರ ಮೇಲೆ 12 ವಾರ ನಡೆದ ಆ ಪರೀಕ್ಷೆಯಲ್ಲಿ ಈ ಆಮ್ಲ ಸೇವಿಸಿದವರಿಗೂ ಹುಸಿಗುಳಿಗೆ ಸೇವಿಸಿದವರಿಗೂ ತೂಕ ಇಳಿಯುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಂದೆ 2009ರ ಮೇ ತಿಂಗಳಲ್ಲಿ, ಉಪ್ಪಾಗೆ ಸಾರವನ್ನೂ ಒಳಗೊಂಡಿದ್ದ ತೂಕ ಇಳಿಸುವ ಹೈಡ್ರಾಕ್ಸಿಕಟ್ ಉತ್ಪನ್ನಗಳನ್ನು ಬಳಸಬೇಡಿರೆಂದು, ಯಕೃತ್ತಿನ ಹಾನಿಯ ವರದಿಗಳ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿತು. ಅನೇಕ ಸಾಮಗ್ರಿಗಳಿದ್ದ ಆ ಮಿಶ್ರಣದಲ್ಲಿ ದೋಷ ಉಪ್ಪಾಗೆಯದೇ ಎನ್ನಲು ಬಾರದು. ಆದರೂ ಒಂದು ಅಂಶ ಗಮನಾರ್ಹ: ಪೇಟೆಂಟು ಹೊಸತನಕ್ಕೆ ಸಿಗುವ ಪತ್ರವೇ ಹೊರತು ಗುಣಕ್ಕಾಗಲಿ ಸುರಕ್ಷತೆಗಾಗಲಿ ಸಿಗುವ ಪತ್ರವಲ್ಲ. ಒಂದೆರಡು ಎಸಳು ಸಿಪ್ಪೆಯನ್ನು ಸಾರಿಗೆ ಹಾಕುವುದಕ್ಕೂ ಅದರ ಆಮ್ಲವನ್ನು ಸಾಂದ್ರಗೊಳಿಸಿ ದಿನಕ್ಕೆ ಮೂರು ಬಾರಿ ನುಂಗುವುದಕ್ಕೂ ಇರುವ ಅಂತರವನ್ನು ಅಡುಗೆಮನೆಯ ಅಳತೆ ಬಲ್ಲದು.

ಇದೇ ಕಾಡಿನಿಂದ ಹೊರಲೋಕಕ್ಕೆ ಇನ್ನೊಂದು ಹೆಸರೂ ಹೋಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಉಣುಗಿನ ಕಡಿತದಿಂದ ಅದು ಹರಡುತ್ತದೆಂಬುದು ತಿಳಿಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ನಿಂತಿತು. ಊರಿನವರ ಬಾಯಲ್ಲಿ ಅದು 'ಮಂಗನ ಕಾಯಿಲೆ'. ಮಂಗದ ಸಾವನ್ನೂ ಮನುಷ್ಯರ ಜ್ವರವನ್ನೂ ಕೂಡಿಸಿದ ಆ ಹೆಸರೇ ಒಂದು ರೋಗಲಕ್ಷಣಶಾಸ್ತ್ರ. ಮಂಗ ಸತ್ತ ಕಡೆ ಹೋಗಬಾರದೆಂಬ ಎಚ್ಚರಿಕೆಯನ್ನು ಇಂದಿಗೂ ಆರೋಗ್ಯ ಇಲಾಖೆ ಹೇಳುತ್ತದೆ.

ಉಪ್ಪಾಗೆ ಮಳೆಗಾಲದ್ದು, ಜ್ವರ ಬೇಸಗೆಯದು. ಆದರೆ ಹಣ್ಣು ಆರಿಸುವ ಕೈಗಳೂ, ಬೇಸಗೆಯಲ್ಲಿ ದರಗು ಬಾಚುವ, ಸೌದೆ ತರುವ ಕೈಗಳೂ ಹೆಚ್ಚಾಗಿ ಒಂದೇ ಮನೆಯವು. ಹಣ್ಣಿನ ಆಮ್ಲದ ಹಿಂದೆ ಕಂಪನಿಗಳು ಸಾಲುಗಟ್ಟಿದವು; ಜ್ವರದ ಹಿಂದೆ ಯಾರೂ ಬರಲಿಲ್ಲ. ಬೇರೆ ದೇಶದ ಉಣುಗುಜ್ವರಕ್ಕೆಂದು ಇದ್ದ ಲಸಿಕೆಯನ್ನು ಮೊದಲು ಪ್ರಯತ್ನಿಸಲಾಯಿತು, ಫಲಿಸಲಿಲ್ಲ. ಆಮೇಲೆ ಸರ್ಕಾರಿ ಸಂಸ್ಥೆಗಳೇ ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಿದವು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಡೋಸುಗಳಿಂದ ಸುಮಾರು ಶೇಕಡಾ 62ರಷ್ಟು, ಬಲವರ್ಧಕ ಡೋಸೂ ಸೇರಿದರೆ ಸುಮಾರು ಶೇಕಡಾ 83ರಷ್ಟು ರಕ್ಷಣೆ ಕಂಡಿತು. ಪರಿಣಾಮ ಕುಂದಿದೆಯೆಂದು 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಕಾಡಿಗೆ ಹೋಗುವವರಿಗೆ ಉಳಿದದ್ದು ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಮರಳಿ ಬಂದ ಮೇಲೆ ಬಿಸಿನೀರಿನ ಸ್ನಾನ. ಆ ಎಣ್ಣೆಯ ರಾಸಾಯನಿಕವನ್ನು ರೂಪಿಸಿದ್ದೂ ರಕ್ಷಣಾ ಇಲಾಖೆಯ ಗ್ವಾಲಿಯರ್ ಪ್ರಯೋಗಾಲಯವೇ. ಆವಿಷ್ಕಾರ ಹುಟ್ಟುವುದು ಅಗತ್ಯದಿಂದ ಎನ್ನುತ್ತಾರೆ. ಸೊರಬದ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟರೆ, ಪೇಟೆಂಟು ಹುಡುಕಿಕೊಂಡು ಹೋಗುವುದು ಕೊಳ್ಳುವವರ ಅಗತ್ಯವನ್ನು ಎಂಬುದು ಕಾಣುತ್ತದೆ.

ಇನ್ನು ನೇರವಾಗಿ ಜನಪದ ತಿಳಿವಳಿಕೆಯೇ ಪೇಟೆಂಟಾದ ಸಂದರ್ಭಗಳ ವಿಚಾರ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟು ಸಿಕ್ಕಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದುಗೊಳಿಸಿತು. ಬೇವಿನ ಎಣ್ಣೆಯ ಶಿಲೀಂಧ್ರನಾಶಕದ ಮೇಲಿನ ಯುರೋಪಿನ ಪೇಟೆಂಟು 2000ದಲ್ಲಿ ರದ್ದಾಗಿ, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಈ ಗೆಲುವುಗಳನ್ನು ನಾವು ಸಂಭ್ರಮದಿಂದ ನೆನೆಯುತ್ತೇವೆ. ಆದರೆ ಅರಿಸಿನದ ಪ್ರಕರಣ ಗೆದ್ದದ್ದು ಯಾವ ಅಜ್ಜಿಯ ಮಾತಿನಿಂದಲೂ ಅಲ್ಲ. ಗ್ರಂಥಗಳು ಮತ್ತು 1953ರ ಒಂದು ವೈದ್ಯಪತ್ರಿಕೆಯ ಲೇಖನದಂಥ ಅಚ್ಚಾದ ಆಧಾರಗಳಿಂದ. ಹೊರದೇಶದಲ್ಲಿ ಬರಿಯ ಬಳಕೆಯಲ್ಲಿದ್ದದ್ದನ್ನು ಅಮೆರಿಕದ ಕಾನೂನು ಆಗ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಅಚ್ಚಾಗಿರಬೇಕಿತ್ತು. 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಆ ಭೇದ ಹೋಯಿತು.

ನಮ್ಮ ಕಾನೂನು ಈ ವಿಷಯದಲ್ಲಿ ಹೆಚ್ಚು ಉದಾರ. 2002ರಲ್ಲಿ ತಿದ್ದುಪಡಿಯಾದ ಪೇಟೆಂಟು ಕಾಯಿದೆಯ ಕಲಂ 3(ಪಿ) ಪಾರಂಪರಿಕ ಜ್ಞಾನವನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನ ರೂಪದಲ್ಲಿ ಇರುವ ತಿಳಿವಳಿಕೆಯನ್ನೂ ಪೇಟೆಂಟಿನ ವಿರುದ್ಧ ಆಕ್ಷೇಪಣೆಗೆ ಆಧಾರವಾಗಿಸಲು ಕಲಂ 25 ಅವಕಾಶ ಕೊಡುತ್ತದೆ. ಜಾನಪದ ಅಧ್ಯಯನದ ಮಟ್ಟಿಗೆ ಇದಕ್ಕಿಂತ ದೊಡ್ಡ ಶಾಸನಬದ್ಧ ಮಾನ್ಯತೆ ಇನ್ನೊಂದಿಲ್ಲ. ನಮ್ಮ ವಿಭಾಗಗಳಲ್ಲಿ ಇದರ ಚರ್ಚೆ ಕಡಿಮೆ ಎಂಬುದು ವಿಚಿತ್ರ. 2001ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮುಖ್ಯವಾಗಿ ಸಂಸ್ಕೃತ, ಅರಬಿ, ಪಾರಸಿ, ಉರ್ದು, ತಮಿಳು ಗ್ರಂಥಗಳನ್ನು ಆಧರಿಸಿದೆ. ಗ್ರಂಥಸ್ಥವಾದದ್ದಕ್ಕೆ ಅಲ್ಲಿ ಕಾವಲಿದೆ. ಸೊರಬದ ನಾಟಿವೈದ್ಯರ ತಿಳಿವಳಿಕೆ ಗ್ರಂಥಸ್ಥವಲ್ಲ.

ಹಾಗಾದರೆ ಎಲ್ಲವನ್ನೂ ಬರೆದು ಅಚ್ಚು ಹಾಕಿಬಿಡೋಣವೇ? ಇಲ್ಲಿ ತೊಡಕಿದೆ. ಕಾಮಾಲೆ, ಸರ್ಪಸುತ್ತು, ವಿಷದ ಕಡಿತಗಳಿಗೆ ಮದ್ದು ಕೊಡುವವರು ಬೇರು ತರುವಾಗ ಮಾತಾಡುವುದಿಲ್ಲ. ಮದ್ದಿನ ಹೆಸರು ಹೇಳಿದರೆ ಅದು ಫಲಿಸುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಪೇಟೆಂಟಿಗೆ ನೇರ ಎದುರು ನಿಲ್ಲುವ ವ್ಯವಸ್ಥೆ. ಪೇಟೆಂಟು ಗುಟ್ಟನ್ನು ತೆರೆದು ಹಕ್ಕನ್ನು ಕಟ್ಟುತ್ತದೆ; ನಾಟಿವೈದ್ಯ ಗುಟ್ಟನ್ನು ಕಟ್ಟಿ ಮದ್ದನ್ನು ಬೆಲೆಯಿಲ್ಲದೆ ಕೊಡುತ್ತದೆ. ಅವರ ಮೌನವನ್ನು ಅಜ್ಞಾನವೆಂದೋ ಸ್ವಾರ್ಥವೆಂದೋ ಬಗೆಯುವುದು ಸಲ್ಲದು. ಆದರೆ ಮೌನದಿಂದಾಗಿ ಮನೆತನದೊಂದಿಗೇ ತಿಳಿವಳಿಕೆ ಮುಗಿದುಹೋಗುವುದೂ ನಿಜ, ಪರೀಕ್ಷೆಗೆ ಒಳಪಡದ ಮದ್ದು ಹಾನಿ ಮಾಡಬಹುದೆಂಬುದೂ ನಿಜ.

2002ರ ಜೀವವೈವಿಧ್ಯ ಕಾಯಿದೆ ಗ್ರಾಮಮಟ್ಟದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಒಂದು ಮಧ್ಯಮಾರ್ಗವಾಗಿ ಕಲ್ಪಿಸಿತು. ಲಾಭದ ಪಾಲನ್ನೂ ಹೇಳಿತು. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆದಾರರಿಗೆ ಆ ಪಾಲಿನಿಂದ ವಿನಾಯಿತಿ ಕೊಟ್ಟಿದೆ. ಅಂದರೆ ಗ್ರಂಥಸ್ಥವಾಗುವುದರಿಂದ ಪೇಟೆಂಟಿನ ವಿರುದ್ಧ ರಕ್ಷಣೆ ಸಿಗುತ್ತದೆ, ಪಾಲು ತಪ್ಪುತ್ತದೆ. ಬಾಯಿಮಾತಿನ ಜ್ಞಾನಕ್ಕೆ ಇದು ತಿರುವುಮುರುವು.

ಆದ್ದರಿಂದ ಸಂಗ್ರಹದ ಕ್ರಮ ಬದಲಾಗಬೇಕೆಂಬುದು ಈ ಲೇಖಕನ ಅಭಿಪ್ರಾಯ. ಮನೆಮನೆಗೂ ಗೊತ್ತಿರುವ ಉಪ್ಪಾಗೆ ತುಪ್ಪದಂಥದ್ದನ್ನು ಸಂಕೋಚವಿಲ್ಲದೆ ಪ್ರಕಟಿಸಬೇಕು. ಅದು ಅಚ್ಚಾದಷ್ಟೂ ಒಳಿತು. ಒಂದು ಮನೆತನದ ಗುಟ್ಟನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು. ಮುಚ್ಚಿದ ದಾಖಲೆಯಾಗಿ ಊರಿನ ಸಮಿತಿಯಲ್ಲಿ ಉಳಿಯಬೇಕು. ನಮ್ಮ ಜನಪದ ವೈದ್ಯ ಸಂಕಲನಗಳಲ್ಲಿ ವಕ್ತೃವಿನ ಹೆಸರು, ವಯಸ್ಸು, ಜಾತಿ ಇರುತ್ತವೆ. ಹೇಳಿದ ತಾರೀಖು, ಗಿಡದ ಒಣಮಾದರಿ, ಕೊಯ್ಯುವ ಕಾಲ, ಬಳಸುವ ಅಳತೆ, ಬಳಸಬಾರದ ಸಂದರ್ಭ ಇವು ಅಪರೂಪ. ಕಲಂ 25ರ ಅಡಿಯಲ್ಲಿ ಆಕ್ಷೇಪಣೆ ಸಲ್ಲಿಸುವವರಿಗೆ ಮೊದಲು ಬೇಕಾಗುವುದು ಆ ತಾರೀಖು ಮತ್ತು ಆ ಗಿಡದ ಖಚಿತ ಗುರುತು.